ದುಡ್ಡು ಯಾರಿಂದ ಯಾರಿಗೆ? ಇಂಡಿಕಾರ್ ಮತ್ತು ಅಮೆರಿಕದ ಟಿವಿ

ಪ್ರಶ್ನೆ: ನಾವು ಮೈಸೂರಿನವರು. ಇಂಡಿಯಾನಾಪೊಲಿಸ್ ಹತ್ತಿರ ಬಂದು ನೆಲೆಸಿ ಮೂರು ವರ್ಷ ದಾಟಿತು. ಬಂದ ಹೊಸದರಲ್ಲಿ ಇಂಡಿ 500 ನೋಡೋಣ ಅಂತ ಟಿವಿ ಹಾಕಿದರೆ, ರೇಸ್ ನಡೆಯುವ ಊರಲ್ಲೇ ಲೈವ್ ಇಲ್ಲ! ಸಂಜೆ ತೋರಿಸಿದರು. ಉಳಿದ ರೇಸ್‌ಗಳು ಯಾವ ಚಾನೆಲ್‌ನಲ್ಲಿ, ಯಾವ ಆ್ಯಪ್‌ನಲ್ಲಿ ಅಂತ ಹುಡುಕುವುದೇ ಒಂದು ಕೆಲಸ ಆಗಿತ್ತು. ಆಫೀಸಿನ ಹಿರಿಯರೊಬ್ಬರು, 'ತೊಂಬತ್ತರ ದಶಕದಲ್ಲಿ ಇದೇ ಅಮೆರಿಕದ ದೊಡ್ಡ ರೇಸಿಂಗ್. ಆಮೇಲೆ ಜಗಳ ಆಡಿಕೊಂಡು ಹಾಳಾದರು' ಅನ್ನುತ್ತಾರೆ. ಕಾರಣ ಅಷ್ಟೇನಾ? ಮುಂದೆ ಸರಿ ಹೋಗುತ್ತಾ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಮುಕ್ಕಾಲು ಪಾಲು ನಿಜ. ಜಗಳ ಆಗಿದ್ದು ಹೌದು, ಹಾಳಾಗಿದ್ದೂ ಹೌದು. ಆದರೆ ಟಿವಿಯ ಜೊತೆಗಿನ ತಕರಾರು ಆ ಜಗಳಕ್ಕಿಂತ ಹಳೆಯದು. ಜಗಳ ಮುಗಿದ ಮೇಲೂ ಅದು ಹತ್ತು ವರ್ಷಕ್ಕಿಂತ ಜಾಸ್ತಿ ಎಳೆಯಿತು.

ಬೇರೆ ಓದುಗರಿಗಾಗಿ ಒಂದು ಮಾತು. ಓಪನ್ ವೀಲ್ ಅಂದರೆ ಚಕ್ರಗಳಿಗೆ ಮಡ್‌ಗಾರ್ಡ್ ಇಲ್ಲದೆ, ನಾಲ್ಕೂ ಹೊರಗೇ ಕಾಣುವ, ಒಬ್ಬರೇ ಕೂರುವ ರೇಸ್ ಕಾರು. ಫಾರ್ಮುಲಾ 1 ಕಾರು ನೋಡಿದ್ದೀರಲ್ಲ, ಅದೇ ಜಾತಿ. ಅಮೆರಿಕದಲ್ಲಿ ಈ ಜಾತಿಯ ದೊಡ್ಡ ಸರಣಿ ಇಂಡಿಕಾರ್. ಮೇ ಕೊನೆಗೆ ಇಂಡಿಯಾನಾಪೊಲಿಸ್ ಟ್ರ್ಯಾಕ್‌ನಲ್ಲಿ ನಡೆಯುವ 500 ಮೈಲಿಯ ಇಂಡಿ 500 ಅದರ ಅತಿ ದೊಡ್ಡ ರೇಸ್. ನಾಸ್ಕಾರ್ ಬೇರೆ. ಅದರ ಕಾರುಗಳಿಗೆ ಮಾಮೂಲಿ ಕಾರಿನ ಹಾಗೆ ಮೇಲೆ ಮುಚ್ಚಿಗೆ, ಬಾಡಿ ಎಲ್ಲ ಇರುತ್ತದೆ.

ನಿಮ್ಮ ಊರಿನ ವಿಚಿತ್ರದಿಂದಲೇ ಶುರು ಮಾಡುತ್ತೇನೆ. ಇಂಡಿಯಾನಾಪೊಲಿಸ್‌ನ ಮೊದಲ ಟಿವಿ ಸ್ಟೇಷನ್ ಪ್ರಸಾರ ಆರಂಭಿಸಿದ್ದೇ 1949ರ ಇಂಡಿ 500 ತೋರಿಸಿ. 1950ರಲ್ಲೂ ತೋರಿಸಿದರು. ಅಲ್ಲಿಗೆ ನಿಲ್ಲಿಸಿಬಿಟ್ಟರು. ಮನೆಯಲ್ಲೇ ಕಾಣುತ್ತದೆ ಅಂದರೆ ಟಿಕೆಟ್ ಯಾರು ಕೊಳ್ಳುತ್ತಾರೆ ಅನ್ನುವ ಭಯ. 1952ರಲ್ಲಿ ಟ್ರ್ಯಾಕ್‌ನವರು ತಮ್ಮದೇ ರೇಡಿಯೋ ಜಾಲ ಕಟ್ಟಿಕೊಂಡರು. ಮೇ ತಿಂಗಳ ಕೊನೆಗೆ ದೇಶವೆಲ್ಲ ರೇಡಿಯೋ ಮುಂದೆ ಕೂತು ರೇಸ್ ಕೇಳುವುದು ವಾಡಿಕೆಯಾಯಿತು.  

ಎಬಿಸಿ ಚಾನೆಲ್ 1965ರಲ್ಲಿ ಬಂತು. ಮೊದಲು ಬರೀ ಹೈಲೈಟ್ಸ್. 1971ರಿಂದ ಅದೇ ದಿನ ರಾತ್ರಿ ರೆಕಾರ್ಡ್ ಮಾಡಿದ್ದನ್ನು ತೋರಿಸುವ ಪದ್ಧತಿ. ನಡುವೆ, 1964ರಿಂದ 1970ರವರೆಗೆ, ಲೈವ್ ಬೇಕು ಅನ್ನುವವರು ಬೇರೆ ಬೇರೆ ಊರಿನ ಥಿಯೇಟರ್‌ಗಳಲ್ಲಿ ಟಿಕೆಟ್ ಕೊಂಡು ಪರದೆ ಮೇಲೆ ನೋಡುತ್ತಿದ್ದರು. ಶುರುವಿನಿಂದ ಕೊನೆಯವರೆಗೆ ಟಿವಿಯಲ್ಲಿ ಲೈವ್ ಆಗಿದ್ದು 1986ರಲ್ಲಿ. ಆ ವರ್ಷ ಮಳೆ ಬಂದು ಭಾನುವಾರದ ರೇಸ್ ಮುಂದಿನ ಶನಿವಾರಕ್ಕೆ ಹೋಯಿತು ಅನ್ನುವುದು ಬೇರೆ ಮಾತು.

ಸ್ಥಳೀಯರಿಗೆ ಮಾತ್ರ ನಿರ್ಬಂಧ ಹಾಗೇ ಉಳಿಯಿತು. ಸೀಟುಗಳು ಪೂರ್ತಿ ಮಾರಾಟವಾದರೆ ಸಡಿಲಿಸುತ್ತಾರೆ. 2016ರಲ್ಲಿ 100ನೇ ರೇಸ್‌ಗೆ ಸಡಿಲಿಸಿದರು. 2020ರಲ್ಲಿ ಕೋವಿಡ್‌ನಿಂದ ಜನರನ್ನೇ ಬಿಡಲಿಲ್ಲ, ಆಗಲೂ ತೋರಿಸಿದರು. 2025ರಲ್ಲಿ ಸ್ಟ್ಯಾಂಡ್ ತುಂಬಿದ್ದರಿಂದ ನಿಮ್ಮ ಮನೆಯ ಟಿವಿಯಲ್ಲೂ ಲೈವ್ ಬಂದಿರಬೇಕು. ಮುಂದಿನ ಸಲವೂ ಹಾಗೆಯೇ. ಮೇ ತಿಂಗಳಲ್ಲಿ ಸ್ಟ್ಯಾಂಡ್ ಸೀಟು ಖಾಲಿಯಾದ ಸುದ್ದಿ ಬಂತಾ ಅಂತ ನೋಡಿಕೊಳ್ಳಿ.

ಈ ಇತಿಹಾಸ ಯಾಕೆ ಹೇಳಿದೆ ಅಂದರೆ, ಟ್ರ್ಯಾಕ್‌ನ ಯಜಮಾನರಿಗೆ ಗೇಟ್ ಟಿಕೆಟ್ಟೇ ದೊಡ್ಡದಾಗಿತ್ತು. ಟಿವಿ ಅಂದರೆ ಟಿಕೆಟ್ ಕದಿಯುವ ಕಳ್ಳ. ಆ ಭಾವನೆ 1980ರ ದಶಕದವರೆಗೂ ಹೋಗಲಿಲ್ಲ. ಅಷ್ಟರಲ್ಲಿ ನಾಸ್ಕಾರ್ ಮುಂದೆ ಹೋಗಿತ್ತು. 1979ರ ಫೆಬ್ರವರಿಯಲ್ಲಿ ಸಿಬಿಎಸ್ ಚಾನೆಲ್ ನಾಸ್ಕಾರ್‌ನ ದೊಡ್ಡ ರೇಸ್ ಡೇಟೋನಾ 500 ಅನ್ನು ಪೂರ್ತಿ ಲೈವ್ ತೋರಿಸಿತು. ಪೂರ್ವ ಭಾಗದಲ್ಲಿ ಹಿಮ ಬಿದ್ದು ಜನ ಮನೆಯಲ್ಲೇ ಸಿಕ್ಕಿಕೊಂಡಿದ್ದರು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಕೇಲ್ ಯಾರ್ಬರೋ, ಡಾನಿ ಆಲಿಸನ್ ಇಬ್ಬರೂ ಗುದ್ದಿಕೊಂಡರು. ಹಿಂದಿನಿಂದ ಬಂದ ರಿಚರ್ಡ್ ಪೆಟಿ ಗೆದ್ದರು. ಅತ್ತ ಡಾನಿಯ ಅಣ್ಣ ಬಾಬಿಯೂ ಸೇರಿಕೊಂಡು ಟ್ರ್ಯಾಕ್ ಪಕ್ಕದ ಹುಲ್ಲಿನಲ್ಲಿ ಹೊಡೆದಾಟ. ಟಿವಿಗೆ ಇನ್ನೇನು ಬೇಕು? ಅದೇ ವರ್ಷ ಶುರುವಾದ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ಗೂ ಗಂಟೆಗಟ್ಟಲೆ ತುಂಬಿಸಲು ಏನಾದರೂ ಬೇಕಿತ್ತು. ನಾಸ್ಕಾರ್ ಕೈಚಾಚಿತು.

ಹಾಗಂತ ಓಪನ್ ವೀಲ್ ಆಗ ಬಡವಾಗಿರಲಿಲ್ಲ. 1992ರ ಇಂಡಿ 500ರಲ್ಲಿ ಅಲ್ ಅನ್ಸರ್ ಜೂನಿಯರ್ ಗೆದ್ದ ಅಂತರ 0.043 ಸೆಕೆಂಡ್. 1993ರಲ್ಲಿ ಫಾರ್ಮುಲಾ 1 ಚಾಂಪಿಯನ್ ನೈಜೆಲ್ ಮ್ಯಾನ್ಸೆಲ್ ಆ ಪಟ್ಟ ಬಿಟ್ಟು ಅಮೆರಿಕಕ್ಕೆ ಬಂದು ಇಲ್ಲಿಯೂ ಚಾಂಪಿಯನ್ ಆದರು. ಫಾರ್ಮುಲಾ 1ನವರಿಗೇ ಹೊಟ್ಟೆ ಉರಿದಿತ್ತು. ನಿಮ್ಮ ಹಿರಿಯರು ನೆನೆಯುವುದು ಈ ದಿನಗಳನ್ನೇ.

ಆದರೆ ಆ ಮನೆಯ ಪಾಯದಲ್ಲೇ ಒಂದು ಬಿರುಕು ಇತ್ತು. ಸರಣಿ ನಡೆಸುತ್ತಿದ್ದ ಸಂಸ್ಥೆಯ ಹೆಸರು ಕಾರ್ಟ್. ಅದು ರೋಜರ್ ಪೆನ್ಸ್ಕಿ, ಪ್ಯಾಟ್ ಪ್ಯಾಟ್ರಿಕ್ ಥರದ ತಂಡದ ಮಾಲೀಕರು 1970ರ ದಶಕದ ಕೊನೆಯಲ್ಲಿ ಕಟ್ಟಿಕೊಂಡಿದ್ದು. ಇಂಡಿ 500 ಮಾತ್ರ ಅದರ ಕೈಯಲ್ಲಿರಲಿಲ್ಲ. ಟ್ರ್ಯಾಕ್ ಹುಲ್ಮನ್ ಕುಟುಂಬದ್ದು. ಆ ರೇಸ್‌ನ ಟಿವಿ ಒಪ್ಪಂದ ಟ್ರ್ಯಾಕ್‌ನವರು ಎಬಿಸಿ ಜೊತೆ ಮಾಡಿಕೊಂಡಿದ್ದು, ಉಳಿದ ರೇಸ್‌ಗಳದ್ದು ಕಾರ್ಟ್ ಬೇರೆಯಾಗಿ ಮಾಡಿಕೊಂಡಿದ್ದು. ಅಂದರೆ ವರ್ಷದ ಒಂದೇ ಒಂದು ಭಾರಿ ಜನಪ್ರಿಯ ರೇಸ್ ಒಬ್ಬರ ಹತ್ತಿರ, ಉಳಿದಿದ್ದೆಲ್ಲ ಇನ್ನೊಬ್ಬರ ಹತ್ತಿರ. ಚಾನೆಲ್ ಎದುರು ಕೂತು 'ಇದು ಬೇಕಾದರೆ ಅದನ್ನೂ ತೋರಿಸು' ಅಂತ ಚೌಕಾಸಿ ಮಾಡುವ ಶಕ್ತಿ ಯಾರಿಗೂ ಇರಲಿಲ್ಲ.

ಹುಲ್ಮನ್ ಮೊಮ್ಮಗ ಟೋನಿ ಜಾರ್ಜ್ 1994ರಲ್ಲಿ ತಮ್ಮದೇ ಇಂಡಿ ರೇಸಿಂಗ್ ಲೀಗ್ ಘೋಷಿಸಿದರು. ಖರ್ಚು ಕಡಿಮೆ ಆಗಬೇಕು, ಓವಲ್, ಅಂದರೆ ಮೊಟ್ಟೆಯಾಕಾರದ, ಟ್ರ್ಯಾಕ್ ಜಾಸ್ತಿ ಇರಬೇಕು, ಅಮೆರಿಕದ ಹುಡುಗರಿಗೆ ಅವಕಾಶ ಸಿಗಬೇಕು ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿತ್ತು ಅನ್ನುವವನು ನಾನು. ಇಂಡಿಯಾನಾದಲ್ಲೇ ಸಣ್ಣ ಕಾರು ಓಡಿಸಿ ಬೆಳೆದ ಜೆಫ್ ಗಾರ್ಡನ್‌ಗೆ ಕೊನೆಗೆ ಬಾಗಿಲು ತೆರೆದಿದ್ದು ನಾಸ್ಕಾರ್. 1994ರಲ್ಲಿ ಇದೇ ಇಂಡಿಯಾನಾಪೊಲಿಸ್ ಟ್ರ್ಯಾಕ್‌ನಲ್ಲಿ ನಾಸ್ಕಾರ್‌ನ ಮೊದಲ ರೇಸ್ ಗೆದ್ದಿದ್ದೂ ಅವರೇ. ಊರಿನ ಹುಡುಗ, ಆದರೆ ಬೇರೆಯವರ ಕಾರಿನಲ್ಲಿ. ಟೋನಿ ಜಾರ್ಜ್ ಹಿಡಿದ ದಾರಿ ಮಾತ್ರ ಸರ್ವನಾಶದ್ದು. 1996ರ ಇಂಡಿ 500ರ 33 ಜಾಗಗಳಲ್ಲಿ 25ನ್ನು ತಮ್ಮ ಲೀಗ್‌ನವರಿಗೆ ಮೀಸಲಿಟ್ಟರು. ಕಾರ್ಟ್ ತಂಡಗಳು ಸಿಟ್ಟಾಗಿ ಅದೇ ದಿನ ಮಿಷಿಗನ್‌ನಲ್ಲಿ ತಮ್ಮದೇ ಯು.ಎಸ್. 500 ಇಟ್ಟುಕೊಂಡವು. ಹೆಸರಾಂತ ಡ್ರೈವರ್‌ಗಳೆಲ್ಲ ಅಲ್ಲಿ. ಆದರೆ ಹಸಿರು ಬಾವುಟ ಬೀಳುವ ಮೊದಲೇ ಕಾರುಗಳು ಒಂದಕ್ಕೊಂದು ಗುದ್ದಿ ರಾಶಿ ಬಿದ್ದವು. ವೀಕ್ಷಕರಿಗೆ ಸಿಕ್ಕಿದ್ದು ಇಷ್ಟು: ಒಂದು ಚಾನೆಲ್‌ನಲ್ಲಿ ಗೊತ್ತಿರುವ ರೇಸ್, ಗೊತ್ತಿಲ್ಲದ ಡ್ರೈವರ್‌ಗಳು; ಇನ್ನೊಂದರಲ್ಲಿ ಗೊತ್ತಿರುವ ಡ್ರೈವರ್‌ಗಳು, ಗೊತ್ತಿಲ್ಲದ ರೇಸ್. ಬಹಳ ಜನ ಎರಡನ್ನೂ ಬಿಟ್ಟರು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಕ್ರೀಡೆ ಮತ್ತು ಟಿವಿ ಅಂದಾಗ ನಾನು ಮೊದಲು ನೋಡುವುದು ಒಂದೇ, ದುಡ್ಡು ಯಾರ ಜೇಬಿನಿಂದ ಯಾರ ಜೇಬಿಗೆ ಹೋಗುತ್ತಿದೆ ಅನ್ನುವುದು. ಚಾನೆಲ್ ದುಡ್ಡು ಕೊಟ್ಟು ಪ್ರಸಾರ ಹಕ್ಕು ಕೊಂಡಿದ್ದರೆ, ಹಾಕಿದ ದುಡ್ಡು ವಾಪಸ್ ಬರಬೇಕು ಅಂತ ಅದೇ ಪ್ರಚಾರ ಮಾಡುತ್ತದೆ. ಒಳ್ಳೆಯ ಸಮಯ ಕೊಡುತ್ತದೆ. ಬೇರೆ ಪಂದ್ಯದ ನಡುವೆಯೂ 'ಮುಂದಿನ ಭಾನುವಾರ ರೇಸ್ ಇದೆ' ಅಂತ ನೆನಪಿಸುತ್ತದೆ. ಇದು ತಿರುಗಾಮುರುಗಾ ಆದರೆ, ಅಂದರೆ ಸರಣಿಯೇ ಚಾನೆಲ್‌ಗೆ ದುಡ್ಡು ಕೊಟ್ಟು ಸ್ಲಾಟ್ ಕೊಂಡರೆ, ಚಾನೆಲ್‌ಗೆ ತಲೆಬಿಸಿಯೇ ಇಲ್ಲ. ಅದರ ದುಡ್ಡು ಮೊದಲೇ ಬಂದಾಯಿತು. ನಮ್ಮ ಕನ್ನಡ ಚಾನೆಲ್‌ಗಳಲ್ಲಿ ಬೆಳಗಿನ ಹೊತ್ತು ಬರುವ ದುಡ್ಡು ಕೊಟ್ಟ ಜ್ಯೋತಿಷ್ಯದ ಕಾರ್ಯಕ್ರಮ ನೋಡಿ. ಯಾರು ನೋಡಿದರೆ ಏನು, ಬಿಟ್ಟರೆ ಏನು, ಅಲ್ವಾ?

ಕಾರ್ಟ್ ಕೊನೆಕೊನೆಗೆ ಆ ಸ್ಥಿತಿಗೆ ಬಂತು. 1998ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಗಿ ಮೆರೆದ ಕಂಪನಿ ಅದು. ಐದೇ ವರ್ಷದಲ್ಲಿ ಪ್ರಸಾರ ಸಮಯವನ್ನು ಕೈಯಿಂದ ದುಡ್ಡು ಕೊಟ್ಟು ಕೊಳ್ಳುತ್ತಿತ್ತು. ನಡುವೆ 2001ರಲ್ಲಿ ಟೆಕ್ಸಾಸ್‌ನಲ್ಲಿ ಇನ್ನೊಂದು ಅವಮಾನ. ಟ್ರ್ಯಾಕ್‌ನ ಇಳಿಜಾರು, ಕಾರಿನ ವೇಗ ಎರಡೂ ಸೇರಿ ಡ್ರೈವರ್‌ಗಳಿಗೆ ತಲೆ ಸುತ್ತತೊಡಗಿತು. ಜನ ಬಂದು ಕೂತ ದಿನವೇ, ಶುರುವಾಗಲು ಎರಡು ಗಂಟೆ ಇರುವಾಗ ರೇಸ್ ರದ್ದು. 2002ರಲ್ಲಿ ಪೆನ್ಸ್ಕಿ ತಂಡ ಇಂಡಿ ಲೀಗ್‌ಗೆ ಹೊರಟಿತು. 2003ಕ್ಕೆ ಎಂಜಿನ್ ಕೊಡುತ್ತಿದ್ದ ಹೋಂಡಾ, ಟೊಯೋಟಾ ಕೂಡ ಹೋದವು. ಆ ವರ್ಷದ ಕೊನೆಗೆ ಕಾರ್ಟ್ ದಿವಾಳಿ. ಉಳಿದ ಚೂರುಪಾರು ಚಾಂಪ್ ಕಾರ್ ಅನ್ನುವ ಹೆಸರಲ್ಲಿ ಇನ್ನೊಂದಷ್ಟು ವರ್ಷ ಕುಂಟಿತು.

ಅದೇ ಹೊತ್ತಲ್ಲಿ ನಾಸ್ಕಾರ್ ಏನು ಮಾಡಿತು ನೋಡಿ. ಅಲ್ಲೂ ಮೊದಲು ಒಂದೊಂದು ಟ್ರ್ಯಾಕ್ ತನ್ನ ರೇಸ್‌ನ ಟಿವಿ ಹಕ್ಕನ್ನು ತಾನೇ ಮಾರುತ್ತಿತ್ತು. ಇವತ್ತು ಈ ಚಾನೆಲ್, ಮುಂದಿನ ವಾರ ಆ ಚಾನೆಲ್. ನಾಸ್ಕಾರ್ ಅದನ್ನೆಲ್ಲ ಒಟ್ಟು ಮಾಡಿ 2001ರಿಂದ ಫಾಕ್ಸ್, ಎನ್‌ಬಿಸಿ, ಟರ್ನರ್‌ಗೆ ಸುಮಾರು 240 ಕೋಟಿ ಡಾಲರ್‌ಗೆ ಮಾರಿತು. ಅಷ್ಟು ಸುರಿದ ಮೇಲೆ ಫಾಕ್ಸ್ ಸುಮ್ನೆ ಕೂರುತ್ತಾ? ಫುಟ್‌ಬಾಲ್ ಪಂದ್ಯಗಳ ನಡುನಡುವೆ ನಾಸ್ಕಾರ್ ಪ್ರಚಾರ ಮಾಡಿತು. ಒಬ್ಬರು ಎರಡು ಹೋಳಾಗುತ್ತಿದ್ದಾಗ ಇನ್ನೊಬ್ಬರು ಇಪ್ಪತ್ತು ಹೋಳನ್ನು ಒಂದು ಮಾಡಿದರು. ಇಡೀ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಈ ವ್ಯತ್ಯಾಸ. ಜನ 1996ನ್ನು ಬೈಯುತ್ತಾರೆ, 2001ನ್ನು ಮರೆಯುತ್ತಾರೆ.

ನಂತರ ಸ್ಪಾನ್ಸರ್. ಕಾರಿನ ಮೇಲೆ ಹೆಸರು ಬರೆಸುವ ಕಂಪನಿ ಕೊಳ್ಳುವುದು ಬಣ್ಣವನ್ನಲ್ಲ, ಟಿವಿಯಲ್ಲಿ ಹೆಸರು ಕಾಣುವ ನಿಮಿಷಗಳನ್ನು. ನೋಡುವವರು ಕಡಿಮೆ ಆದರೆ ಆ ದುಡ್ಡು ಕಡಿಮೆ. ದುಡ್ಡು ಕಡಿಮೆ ಆದರೆ ಪ್ರತಿಭೆಗಿಂತ ಜೇಬಿನಲ್ಲಿ ದುಡ್ಡು ತರುವ ಡ್ರೈವರ್‌ಗೆ ಸೀಟು. ಹೆಸರಿಲ್ಲದ ಡ್ರೈವರ್‌ಗಳಾದರೆ ನೋಡುವವರು ಇನ್ನೂ ಕಡಿಮೆ. 1997ರ ಇಂಡಿ ಲೀಗ್ ಚಾಂಪಿಯನ್ ಟೋನಿ ಸ್ಟೀವರ್ಟ್ ಇಂಡಿಯಾನಾದ ಅಪ್ಪಟ ಸ್ಥಳೀಯ. ಟೋನಿ ಜಾರ್ಜ್ ಬಯಸಿದ ಮಾದರಿಯೇ ಅವರು. ಅವರೂ ನಾಸ್ಕಾರ್‌ಗೆ ಹೋದರು. 2005ರಲ್ಲಿ ಡಾನಿಕಾ ಪ್ಯಾಟ್ರಿಕ್ ಇಂಡಿ 500ರಲ್ಲಿ ಮುನ್ನಡೆ ಹಿಡಿದ ಮೊದಲ ಮಹಿಳೆಯಾದರು, ನಾಲ್ಕನೆಯವರಾಗಿ ಮುಗಿಸಿದರು. ಆ ವರ್ಷ ವೀಕ್ಷಕರು ಜಿಗಿದರು. ಕೆಲವು ವರ್ಷ ಕಳೆದ ಮೇಲೆ ಅವರ ದಾರಿಯೂ ಅದೇ.

2008ರ ಫೆಬ್ರವರಿಯಲ್ಲಿ ಇಂಡಿ ಲೀಗ್, ಚಾಂಪ್ ಕಾರ್ ಎರಡೂ ಸರಣಿ ಒಂದಾದವು. ಅಷ್ಟು ಅವಸರದಲ್ಲಿ ಒಂದಾದರು ಅಂದರೆ, ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯಕ್ಕೆ ಎರಡು ರೇಸ್ ನಿಗದಿಯಾಗಿದ್ದವು, ಒಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ, ಇನ್ನೊಂದು ಜಪಾನಿನ ಮೊಟೆಗಿಯಲ್ಲಿ. ಎರಡನ್ನೂ ನಡೆಸಿಯೇ ಮುಗಿಸಬೇಕಾಯಿತು.

ಇನ್ನು ಮೇಲೆ ಸರಿಯಾಗಬೇಕಿತ್ತು. ಆಗ ಬಂದಿದ್ದು ವರ್ಸಸ್ ಒಪ್ಪಂದ. 2009ರಿಂದ ಹತ್ತು ವರ್ಷ, ಹೆಚ್ಚಿನ ರೇಸ್‌ಗಳು ಕಾಮ್‌ಕಾಸ್ಟ್ ಕಂಪನಿಯ ವರ್ಸಸ್ ಅನ್ನುವ ಕೇಬಲ್ ಚಾನೆಲ್‌ನಲ್ಲಿ. ಇಂಡಿ 500 ಮತ್ತು ಇನ್ನು ಕೆಲವು ಎಬಿಸಿಯಲ್ಲಿ. ವರ್ಸಸ್ ಹೆಸರು ಕೇಳಿದವರೇ ಕಡಿಮೆ. ಅದರ ಹಿಂದಿನ ಹೆಸರು ಔಟ್‌ಡೋರ್ ಲೈಫ್ ನೆಟ್‌ವರ್ಕ್, ಬೇಟೆ, ಮೀನು ಹಿಡಿಯುವುದು ತೋರಿಸುತ್ತಿದ್ದ ಚಾನೆಲ್. ಇಂಡಿಕಾರ್‌ನವರ ಲೆಕ್ಕ ಪೂರ್ತಿ ದಡ್ಡತನ ಅಲ್ಲ. ದೊಡ್ಡ ಚಾನೆಲ್‌ನಲ್ಲಿ ಹತ್ತರಲ್ಲಿ ಹನ್ನೊಂದನೆಯವರಾಗುವ ಬದಲು ಸಣ್ಣ ಚಾನೆಲ್‌ನಲ್ಲಿ ರಾಜನಾಗೋಣ ಅಂತ. ರೇಸ್‌ಗೆ ಮುಂಚೆ, ಆಮೇಲೆ ಗಂಟೆಗಟ್ಟಲೆ ಸಮಯ ಸಿಕ್ಕಿತು. ಪ್ರಸಾರದ ಗುಣಮಟ್ಟವೂ ಚೆನ್ನಾಗಿತ್ತು. ನೋಡುವವರೇ ಇರಲಿಲ್ಲ. ಸಾಲದ್ದಕ್ಕೆ, ಮೊದಲ ವರ್ಷವೇ ಸೆಪ್ಟೆಂಬರ್‌ನಲ್ಲಿ ಡೈರೆಕ್ಟ್‌ಟಿವಿ ಜೊತೆ ದುಡ್ಡಿನ ವ್ಯಾಜ್ಯವಾಗಿ, ಆ ಉಪಗ್ರಹ ಸೇವೆಯ ಸುಮಾರು 1.4 ಕೋಟಿ ಮನೆಗಳಿಂದ ವರ್ಸಸ್ ಮಾಯವಾಯಿತು. 2010ರ ಮಾರ್ಚ್‌ನಲ್ಲಿ ವಾಪಸ್ ಬಂತು. ಚಾಂಪಿಯನ್‌ಷಿಪ್ ತೀರ್ಮಾನವಾಗುವ ಹೊತ್ತಿಗೇ ಈ ಕತ್ತಲೆ. ಆ ಹೊತ್ತಲ್ಲಿ ಬಿಟ್ಟುಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಬರಲಿಲ್ಲ.

ಆದರೂ ಅದರಲ್ಲಿ ಒಂದು ಅದೃಷ್ಟ ಅಡಗಿತ್ತು. 2011ರಲ್ಲಿ ಕಾಮ್‌ಕಾಸ್ಟ್ ಎನ್‌ಬಿಸಿಯನ್ನೇ ತನ್ನದಾಗಿಸಿಕೊಂಡಿತು. 2012ರಲ್ಲಿ ವರ್ಸಸ್ ಹೆಸರು ಎನ್‌ಬಿಸಿ ಸ್ಪೋರ್ಟ್ಸ್ ನೆಟ್‌ವರ್ಕ್ ಆಯಿತು. 2019ರಿಂದ ಇಂಡಿ 500 ಸೇರಿ ಎಲ್ಲ ರೇಸ್ ಎನ್‌ಬಿಸಿ ಬಳಗಕ್ಕೆ. 1965ರಿಂದ ಇದ್ದ ಎಬಿಸಿ ಸಂಬಂಧ 2018ಕ್ಕೆ ಮುಗಿಯಿತು. ಇಡೀ ವರ್ಷದ ರೇಸ್‌ಗಳು ಒಂದೇ ಬಳಗದ ಕೈಗೆ ಬಂದವು. ಅಷ್ಟರಲ್ಲಿ ಕೇಬಲ್ಲೇ ಮುಳುಗತೊಡಗಿತ್ತು. ಆ ಸ್ಪೋರ್ಟ್ಸ್ ನೆಟ್‌ವರ್ಕ್ 2021ರ ಕೊನೆಗೆ ಮುಚ್ಚಿತು. ರೇಸ್‌ಗಳು ಎನ್‌ಬಿಸಿ, ಯುಎಸ್‌ಎ, ಪೀಕಾಕ್ ಆ್ಯಪ್ ಅಂತ ಚದುರಿದವು. 2022ರ ಟೊರೊಂಟೊ ರೇಸ್ ಬರೀ ಪೀಕಾಕ್‌ನಲ್ಲಿತ್ತು. ನೀವು ಹುಡುಕಿ ಸುಸ್ತಾಗಿದ್ದು ಈ ಕಾಲದ ಬಾಲದಲ್ಲಿ.

ತಮ್ಮ ಕಾಲಿಗೆ ತಾವೇ ಹಾಕಿಕೊಂಡ ಇನ್ನೊಂದು ಕೊಡಲಿಯೂ ಇದೆ. ಶರತ್ಕಾಲದಲ್ಲಿ ಅಮೆರಿಕನ್ ಫುಟ್‌ಬಾಲ್ ಎದುರು ಯಾರೂ ನಿಲ್ಲಲಾರರು ಅಂತ, 2014ರಿಂದ ಸೀಸನ್ನನ್ನೇ ಆಗಸ್ಟ್ ಕೊನೆಗೆ ಮುಗಿಸುವ ಯೋಜನೆ ತಂದರು. 2016ರಿಂದ 2024ರವರೆಗೆ ಅದು ಸೆಪ್ಟೆಂಬರ್‌ಗೋ ಅದರಾಚೆಗೋ ಜಾರಿತು, 2025ರಲ್ಲಿ ಮತ್ತೆ ಆಗಸ್ಟ್ 31ಕ್ಕೇ ಮುಗಿಯಿತು. ಫುಟ್‌ಬಾಲ್ ತಪ್ಪಿತು. ಆದರೆ ಆರು ತಿಂಗಳು ಟಿವಿಯಲ್ಲಿ ಸುದ್ದಿಯೇ ಇಲ್ಲದಿದ್ದರೆ ಜನ ನೆನಪಿಟ್ಟುಕೊಳ್ಳುತ್ತಾರಾ?

ಇಲ್ಲಿ ನನ್ನ ದುಡ್ಡಿನ ಸಿದ್ಧಾಂತಕ್ಕೆ ಎದುರಾಗುವ ಒಂದು ಉದಾಹರಣೆಯನ್ನೂ ಕೊಡಬೇಕು. 2018ರಲ್ಲಿ ಇಎಸ್‌ಪಿಎನ್‌ಗೆ ಫಾರ್ಮುಲಾ 1 ಹೆಚ್ಚುಕಮ್ಮಿ ಬಿಟ್ಟಿಯಾಗಿ ಸಿಕ್ಕಿತು. ಬ್ರಿಟನ್‌ನ ಸ್ಕೈ ಚಾನೆಲ್‌ನ ಪ್ರಸಾರವನ್ನೇ ಜಾಹೀರಾತು ಇಲ್ಲದೆ ಹಾಕಿದರು. ನನ್ನ ಲೆಕ್ಕದಂತೆ ಅದು ಸೊರಗಬೇಕಿತ್ತು. 2019ರಲ್ಲಿ ನೆಟ್‌ಫ್ಲಿಕ್ಸ್ ಡ್ರೈವರ್‌ಗಳ ಬದುಕಿನ ಸರಣಿ ತೋರಿಸಿತು, ಹೊಸ ತಲೆಮಾರು ಬಂದು ಸೇರಿತು. 2026ರಿಂದ ಆ್ಯಪಲ್ ಅಮೆರಿಕದ ಹಕ್ಕಿಗೆ ವರ್ಷಕ್ಕೆ ಸುಮಾರು 14 ಕೋಟಿ ಡಾಲರ್ ಕೊಡುತ್ತದೆ ಅಂತ ವರದಿಯಾಗಿದೆ. ಅಮೆರಿಕದ ಜನಕ್ಕೆ ಓಪನ್ ವೀಲ್ ರುಚಿಸುವುದಿಲ್ಲ ಅಂತ ಎಷ್ಟೋ ವರ್ಷ ಹೇಳುತ್ತಿದ್ದರು. ಅದು ಸುಳ್ಳಾಯಿತು. ಮತ್ತೆ ರೇಸ್ ನಡುವೆ ಜಾಹೀರಾತು ಬರದಿರುವುದು ಎಂಥ ಸುಖ ಅನ್ನುವುದು ಇಂಡಿಕಾರ್ ನೋಡುವವರಿಗೇ ಗೊತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸರಿ ಹೋಗುತ್ತಾ? ಸಿಗದೇ ಇರುವ ತೊಂದರೆ ಬಹುಮಟ್ಟಿಗೆ ಈಗಾಗಲೇ ಸರಿ ಹೋಗಿದೆ. 2020ರ ಆರಂಭದಲ್ಲಿ ಪೆನ್ಸ್ಕಿ ಕಂಪನಿ ಟ್ರ್ಯಾಕ್, ಸರಣಿ ಎರಡನ್ನೂ ಹುಲ್ಮನ್ ಕುಟುಂಬದಿಂದ ಕೊಂಡಿತು. 2025ರಲ್ಲಿ ಎಲ್ಲ 17 ರೇಸ್‌ಗಳೂ ಫಾಕ್ಸ್‌ನ ಮುಖ್ಯ ಚಾನೆಲ್‌ನಲ್ಲಿ ಬಂದವು, ಆಂಟೆನಾ ಇದ್ದರೂ ಸಾಕು. ಸೀಸನ್‌ಗೆ ಮೊದಲು ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್, ಹೊತ್ತಿಗೆ ಡ್ರೈವರ್‌ಗಳ ಜಾಹೀರಾತು ಹಾಕಿದರು. ಇಂಡಿ 500 ನೋಡಿದವರು ಸರಾಸರಿ 70 ಲಕ್ಷ, 2008ರ ನಂತರ ಇಷ್ಟು ಬಂದಿರಲಿಲ್ಲ. ಆ ವರ್ಷದ ಡೇಟೋನಾ 500 ಮಳೆಯಿಂದ ತಡವಾಗಿ 67 ಲಕ್ಷದ ಹತ್ತಿರ ನಿಂತಿತ್ತು. ಜುಲೈ ಕೊನೆಗೆ ಫಾಕ್ಸ್, ಪೆನ್ಸ್ಕಿಯ ಈ ಕಂಪನಿಯಲ್ಲಿ ಮೂರನೇ ಒಂದು ಪಾಲನ್ನೇ ಕೊಂಡಿತು. ಈಗ ಸರಣಿ ಬೆಳೆದರೆ ಚಾನೆಲ್‌ನ ಆಸ್ತಿಯೂ ಬೆಳೆಯುತ್ತದೆ. ಇಂಥ ನಂಟು ಈ ಕ್ರೀಡೆಗೆ ಹಿಂದೆಂದೂ ಇರಲಿಲ್ಲ.

ಆದರೆ ಅಂಕಿ ಸ್ವಲ್ಪ ಬಿಡಿಸಿ ನೋಡಿ. 2025ರ ಸೀಸನ್ ಸರಾಸರಿ 13 ಲಕ್ಷ ಚಿಲ್ಲರೆ ಅಂತ ಹೆಮ್ಮೆಯಿಂದ ಹೇಳಿದರು, ಅದರಲ್ಲಿ ಇಂಡಿ 500 ಕೂಡ ಸೇರಿದೆ. ಅದನ್ನು ತೆಗೆದರೆ ಉಳಿದ 16 ರೇಸ್‌ಗಳಿಗೆ 10 ಲಕ್ಷದ ಆಸುಪಾಸು. ಮೇ ಕೊನೆಯ ಭಾನುವಾರ ಕೂತವರಲ್ಲಿ ಏಳರಲ್ಲಿ ಆರು ಮಂದಿ ಮುಂದಿನ ವಾರ ಡೆಟ್ರಾಯ್ಟ್ ಹೊತ್ತಿಗೆ ಎದ್ದು ಹೋಗಿದ್ದರು. ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಥರ್ಮಲ್ ರೇಸ್ 7 ಲಕ್ಷಕ್ಕೆ ಇಳಿದಿತ್ತು, ಅದರಲ್ಲೂ ರೇಸ್ ನಡುವೆಯೇ ಪ್ರಸಾರ ಕೈಕೊಟ್ಟು ಪರದೆ ಖಾಲಿ. ಇನ್ನೊಂದು ಕಡೆ ನಾಸ್ಕಾರ್ 2025ರಿಂದ ಏಳು ವರ್ಷಕ್ಕೆ 770 ಕೋಟಿ ಡಾಲರ್ ಒಪ್ಪಂದದಲ್ಲಿದೆ, ನೋಡುವವರು ಹಿಂದಿಗಿಂತ ಎಷ್ಟೋ ಕಡಿಮೆಯಾದ ಮೇಲೂ. ತೊಂಬತ್ತರ ದಶಕ ಯಾರಿಗೂ ವಾಪಸ್ ಬರುವುದಿಲ್ಲ, ನಾಸ್ಕಾರ್‌ಗೂ ಇಲ್ಲ.

ಹಾಗಾಗಿ ಇಂಡಿ 500ರ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಅದು ಯಾವ ಚಾನೆಲ್‌ನಲ್ಲಿದ್ದರೂ ಒಂದಷ್ಟು ಜನ ನೋಡಿಯೇ ನೋಡುತ್ತಾರೆ. ಜುಲೈ, ಆಗಸ್ಟ್‌ನ ಯಾವುದಾದರೂ ಸಾಮಾನ್ಯ ರೇಸ್‌ನ ಅಂಕಿ ನೋಡಿ. ನಿಮ್ಮ ಆಫೀಸಿನ ಹಿರಿಯರನ್ನೂ ಅದನ್ನೇ ಕೇಳಿ: ಇಂಡಿ 500 ಆದ ಮುಂದಿನ ಭಾನುವಾರ ಅವರು ಟಿವಿ ಹಾಕುತ್ತಾರಾ ಅಂತ.